ಪುದಿಯಾಪ್ಲೆ ಬರುವ ಮನೆ

ಬೊಂಬಾಯಿಯ ನಮ್ಮ ಚಾಳಿನಲ್ಲಿ ನನ್ನನ್ನು ಮದ್ರಾಸಿ ಎಂದು ಕರೆದವರು ಎರಡನೆಯ ಸಲ ಹಾಗೆ ಕರೆದದ್ದಿಲ್ಲ. ಮೊದಲ ಸಲಕ್ಕೇ ಅವರಿಗೆ ಸಾಕುಬೇಕಾಗುತ್ತಿತ್ತು. "ಮದ್ರಾಸಿ ನೀನು, ನಿನ್ನ ಅಜ್ಜ ಮದ್ರಾಸಿ! ನಾನು ಕರ್ನಾಟಕದವಳು. ಬಂಟ್ವಾಳ ತಾಲೂಕು, ಸಿದ್ಧಕಟ್ಟೆ" ಎಂದು ನಳ್ಳಿಯ ಬುಡದಲ್ಲಿ ಕೊಡ ಕೆಳಗಿಟ್ಟು, ಸೊಂಟಕ್ಕೆ ಕೈ ಕೊಟ್ಟು ಹೇಳುತ್ತಿದ್ದೆ. ಬಂಟ್ವಾಳ ಎಲ್ಲಿದೆ ಎಂದು ಆಜಮ್‌ಗಢ ಕಡೆಯಿಂದ ಬಂದ ಆ ನೆರೆಮನೆ ಹೆಂಗಸರಿಗೆ ಗೊತ್ತಿರಲಿಲ್ಲ. ಗೊತ್ತಿಲ್ಲದಿದ್ದರೆ ಅದು ಅವರ ನಷ್ಟ. ಮೈಸೂರು ರಾಜ್ಯ ಎಂಬ ಹೆಸರು ಹೋಗಿ ಕರ್ನಾಟಕ ಎಂದಾದ ವರ್ಷ ನಾನು ಇಡೀ ಮಹಡಿಗೆ ಪಾಯಸ ಹಂಚಿದೆ. ರತ್ನಾಗಿರಿ ಕಡೆಯ ಒಬ್ಬಳು ಲೋಟ ಹಿಡಿದುಕೊಂಡು, "ಯಾರಿಗೆ ಮಗು ಹುಟ್ಟಿತು?" ಎಂದು ಕೇಳಿದಳು. "ಮಗುವಲ್ಲ, ನಮ್ಮ ರಾಜ್ಯಕ್ಕೆ ಹೊಸ ಹೆಸರಿಟ್ಟದ್ದು" ಎಂದೆ. ಅವಳಿಗೆ ಏನೂ ಅರ್ಥವಾಗಲಿಲ್ಲ, ಆದರೆ ಇನ್ನೊಂದು ಲೋಟ ಕೇಳಿ ಕುಡಿದಳು.

ನನ್ನ ಹೆಸರು ನಫೀಸಮ್ಮ. ಗಂಡ ಹಸನಬ್ಬ ಬೊಂಬಾಯಿ ಬಂದರಿನಲ್ಲಿ ಕೆಲಸಕ್ಕಿದ್ದರು. ಮದುವೆಯಾದ ಮರುವರ್ಷವೇ ಇವರು ನನ್ನನ್ನು ಅಲ್ಲಿಗೆ ಕರೆದುಕೊಂಡು ಹೋದರು. ಹಾಗೆ ಹೋದದ್ದೇ ನಮ್ಮ ಕುಟುಂಬದಲ್ಲಿ ದೊಡ್ಡ ಸುದ್ದಿಯಾಯಿತು. ಯಾಕೆಂದರೆ ನಮ್ಮ ಬ್ಯಾರಿ ಮುಸ್ಲಿಮರ ಎಷ್ಟೋ ಮನೆಗಳಲ್ಲಿ ಮದುವೆಯಾದ ಹೆಣ್ಣು ಮನೆ ಬಿಟ್ಟು ಹೊರಡುವುದಿಲ್ಲ. ಗಂಡೇ ಹೆಣ್ಣಿನ ಮನೆಗೆ ಬರುತ್ತಾನೆ. ಅವನಿಗೆ ಪುದಿಯಾಪ್ಲೆ ಎನ್ನುತ್ತೇವೆ, ಅಂದರೆ ಹೊಸ ಮದುಮಗ. ಮೊಮ್ಮಕ್ಕಳಾಗಿ ಗಡ್ಡ ನೆರೆತರೂ ಅವನು ಆ ಮನೆಗೆ ಪುದಿಯಾಪ್ಲೆಯೇ. ಅವನಿಗೊಂದು ಕೋಣೆ, ಮೆತ್ತನೆಯ ಹಾಸಿಗೆ, ಬೆಳಿಗ್ಗೆ ತುಪ್ಪ ಸವರಿದ ರೊಟ್ಟಿ. ಮರ್ಯಾದೆಗೆ ಏನೂ ಕಡಿಮೆಯಿಲ್ಲ. ಮನೆ ಮಾತ್ರ ಹೆಣ್ಣಿನದು, ತಾಯಿಯಿಂದ ಮಗಳಿಗೆ. ನನ್ನ ಉಮ್ಮ ಹುಟ್ಟಿದ್ದು, ಹೆತ್ತದ್ದು, ಕಣ್ಣು ಮುಚ್ಚಿದ್ದು ಎಲ್ಲ ಸಿದ್ಧಕಟ್ಟೆಯ ಆ ಒಂದೇ ಹಂಚಿನ ಮನೆಯಲ್ಲಿ. ಅದನ್ನು ನನಗೆ ಬಿಟ್ಟುಹೋದಳು. ನಾನೊಬ್ಬಳೇ ಗಂಡನ ಹಿಂದೆ ಹೋದವಳು. ಮನೆ ಹಾಳು ಬೀಳಬಾರದು ಎಂದು ಚಾವಡಿಯನ್ನು ಜತ್ತಪ್ಪನಿಗೆ ಬಿಟ್ಟುಕೊಟ್ಟಿದ್ದೆ. ಅವನು ಬೀಡಿ ಕಂಟ್ರಾಕ್ಟರು. ಊರ ಹೆಂಗಸರಿಗೆ ಎಲೆ, ತಂಬಾಕು ಕೊಟ್ಟು, ಕಟ್ಟಿದ ಬೀಡಿ ತೆಗೆದುಕೊಳ್ಳುವ ಬ್ರಾಂಚು ನಮ್ಮ ಚಾವಡಿಯಲ್ಲೇ ನಡೆಯುತ್ತಿತ್ತು.

ಹೋದೆ ಎಂದರೆ ಕಾಲು ಮಾತ್ರ ಹೋದದ್ದು. ಮನಸ್ಸು ಬರಲೇ ಇಲ್ಲ. ಅಲ್ಲಿಯ ಬಿಳಿ ಅಕ್ಕಿಯ ಅನ್ನ ಎಷ್ಟು ಉಂಡರೂ ನನಗೆ ಉಂಡ ಹಾಗೆ ಆಗುತ್ತಿರಲಿಲ್ಲ. ಊರಿನಿಂದ ಬರುವವರ ಹತ್ತಿರ ಕುಚ್ಚಲಕ್ಕಿ ತರಿಸಿ, ಅದನ್ನು ಔಷಧದ ಹಾಗೆ ಜೋಪಾನ ಮಾಡಿ ಗಂಜಿ ಬೇಯಿಸುತ್ತಿದ್ದೆ. ಮಳೆ ಬಂದರೆ "ಇದೂ ಒಂದು ಮಳೆಯಾ?" ಎನ್ನುತ್ತಿದ್ದೆ. ಮೀನು ತಂದರೆ "ಇದೂ ಒಂದು ಮೀನಾ?" ಎನ್ನುತ್ತಿದ್ದೆ. ಊರಿಗೆ ಬರುವಾಗ ಬಸ್ಸು ನಿಪ್ಪಾಣಿ ಮುಟ್ಟಿದ ಕೂಡಲೇ ಗಂಡನನ್ನೂ ಮಗಳನ್ನೂ ತಿವಿದು ಎಬ್ಬಿಸಿ, ಅಂಗಡಿಗಳ ಕನ್ನಡ ಬೋರ್ಡುಗಳನ್ನು ಗಟ್ಟಿಯಾಗಿ ಓದುತ್ತಿದ್ದೆ. ಕಿರಾಣಿ ಅಂಗಡಿ, ಸೈಕಲ್ ಶಾಪು, ಕ್ಷೌರದ ಅಂಗಡಿ, ಯಾವುದನ್ನೂ ಬಿಡುತ್ತಿರಲಿಲ್ಲ. ಹಿಂದಿನ ಸೀಟಿನವರು ಮಲಗಲು ಬಿಡಿ ಎಂದರೆ, "ಮಲಗುವುದನ್ನೆಲ್ಲ ಮಹಾರಾಷ್ಟ್ರದಲ್ಲಿ ಮುಗಿಸಬೇಕಿತ್ತು, ಈಗ ಊರು ಬಂತು" ಎನ್ನುತ್ತಿದ್ದೆ. ಊರು ಬರಲು ಇನ್ನೂ ಒಂದು ಇಡೀ ಹಗಲು ಇತ್ತು ಎನ್ನುವುದು ಬೇರೆ ಮಾತು.

ಎಂಬತ್ತೆರಡನೆಯ ಇಸವಿಯಲ್ಲಿ ನಮ್ಮ ಒಬ್ಬಳೇ ಮಗಳು ಜುಲೈಕಾಳಿಗೆ ಗಂಡು ನೋಡಲು ಹೊರಟಾಗ ನಾನು ಒಂದು ಉಪಾಯ ಮಾಡಿದೆ. ಗಂಡು ಊರಿನವನೇ ಆಗಬೇಕು. ಆಗ ಏನಾಗುತ್ತದೆ? ಪದ್ಧತಿಯ ಪ್ರಕಾರ ಮಗಳು ಸಿದ್ಧಕಟ್ಟೆಯ ಮನೆಯಲ್ಲಿ ಇರುತ್ತಾಳೆ, ಅಳಿಯ ಅಲ್ಲಿಗೆ ಬರುತ್ತಾನೆ. ಮಗಳು ಅಲ್ಲಿದ್ದ ಮೇಲೆ ಬಸಿರು ಬಾಣಂತನ ಎಂದು ನಾನೂ ಅಲ್ಲೇ ಉಳಿಯಬಹುದು. ಮರುವರ್ಷ ಇವರಿಗೆ ಕೆಲಸದಿಂದ ನಿವೃತ್ತಿ. ಇವರ ಮಂಡೆಯೊಳಗೆ ಏನಿತ್ತು ಎಂದು ನನಗೆ ಗೊತ್ತಿತ್ತು. ಬಂದರಿನ ಹತ್ತಿರದ ಇರಾನಿ ಹೋಟೆಲು, ಅಲ್ಲಿಯ ಚಾ, ಅಲ್ಲಿಯ ಗೆಳೆಯರು, ಅದೇ ಇವರ ಸ್ವರ್ಗ. ಮಗಳು ಬೊಂಬಾಯಿಯಲ್ಲಿ ಉಳಿದರೆ ಇವರು ಸಾಯುವವರೆಗೆ ಅಲ್ಲಿಂದ ಏಳುವುದಿಲ್ಲ, ಇವರ ಜೊತೆ ನನ್ನ ಗೋರಿಯೂ ಅಲ್ಲೇ. ಹಾಗಾಗಿ ಈ ಮದುವೆ ಮಗಳಿಗೆ ಎಷ್ಟು ಮುಖ್ಯವೋ ನನಗೆ ಅದಕ್ಕಿಂತ ಒಂದು ಗುಲಗಂಜಿ ಹೆಚ್ಚೇ ಮುಖ್ಯವಾಗಿತ್ತು.

ಬೆಳ್ತಂಗಡಿಯಲ್ಲಿ ಬಟ್ಟೆ ಅಂಗಡಿ ಇಟ್ಟಿರುವ ನನ್ನ ತಮ್ಮ ಅಬ್ದುಲ್ ಸಮದ್ ಗಂಡು ಹುಡುಕಿದ. ಮೂಡಬಿದಿರೆಯ ಹುಡುಗ, ಅಬ್ದುಲ್ ಹಕೀಂ, ಮನೆಗಳಿಗೆ ಕರೆಂಟಿನ ವಯರಿಂಗ್ ಮಾಡುವವನು. ತಾಯಿ ರುಕಿಯಾ ವಿಧವೆ, ಬಾಯಿ ಸ್ವಲ್ಪ ಜೋರು ಎಂದ. ನನ್ನ ಬಾಯಿಯ ಎದುರು ಯಾರ ಬಾಯಿ ಜೋರು ಎಂದು ನಾನು ತಲೆ ಕೆಡಿಸಿಕೊಳ್ಳಲಿಲ್ಲ. ಜುಲೈಕಾಳಿಗೆ ಫೋಟೋ ತೋರಿಸಿದೆ. ನೋಡಿ, ನಾಚಿ, ಹೂಂ ಎಂದಳು. ಮದುವೆಗೆಂದು ಮೂವರೂ ಊರಿಗೆ ಬಂದೆವು. ಜತ್ತಪ್ಪ ನಮಗಾಗಿ ಒಳಗಿನ ಕೋಣೆಗಳನ್ನು ಗುಡಿಸಿ ಇಟ್ಟಿದ್ದ.

ಕೊನೆಯ ಮಾತುಕತೆಗೆ ನಾನೂ ತಮ್ಮನೂ ಮೂಡಬಿದಿರೆಗೆ ಹೋದೆವು. ರುಕಿಯಾ ಒಳ್ಳೆಯ ಚಾ ಕೊಟ್ಟಳು, ಜೊತೆಗೆ ತುಪ್ಪದಲ್ಲಿ ಕರಿದ ಬಾಳೆಹಣ್ಣು. ಮದುವೆಯ ದಿನ, ಊಟ, ಬಸ್ಸು ಎಲ್ಲ ಮಾತಾಡಿ ಆಯಿತು. ಏಳಬೇಕು ಎನ್ನುವಾಗ ರುಕಿಯಾ ಕೇಳಿದಳು:

"ಹಕೀಮನಿಗೆ ಹೊಸ ಟ್ರಂಕು ತೆಗೆದಾಯ್ತು. ಒಂದು ಕಂಬಳಿ ಕೂಡ ಹಾಕುವುದಾ ಅಂತ. ಬೊಂಬಾಯಿಯಲ್ಲಿ ಚಳಿ ಉಂಟಾ?"

"ಬೊಂಬಾಯಿ ಚಳಿ ಕಟ್ಟಿಕೊಂಡು ಅವನಿಗೆ ಎಂತ?" ಎಂದೆ ನಾನು.

"ಎಂತ ಅಂದ್ರೆ? ಮದುವೆ ಆದ ಮೇಲೆ ಅವ ಅಲ್ಲಿ ಅಲ್ವಾ ಇರುವುದು?"

"ಅಲ್ಲಿ ಯಾಕೆ?"

ರುಕಿಯಾ ನನ್ನನ್ನು ಮಂಡೆ ಸರಿ ಇಲ್ಲದವಳನ್ನು ನೋಡಿದ ಹಾಗೆ ನೋಡಿದಳು. "ಪುದಿಯಾಪ್ಲೆ ಹೆಣ್ಣಿನ ಮನೆಗೆ ಹೋಗುವುದಲ್ವಾ ನಫೀಸಮ್ಮ? ಹೆಣ್ಣಿನ ಮನೆ ಬೊಂಬಾಯಿಯಲ್ಲಿ ಅಲ್ವಾ?"

ತಮ್ಮನ ಗಂಟಲಲ್ಲಿ ಚಾ ಸಿಕ್ಕಿಕೊಂಡಿತು. ನಾನು ಅವನ ಕಡೆ ತಿರುಗಿದೆ. "ನೀನು ಹೇಳಲಿಲ್ಲವಾ?"

"ಯಾರಾದ್ರೂ ಅದನ್ನು ಹೇಳ್ತಾರಾ ಇತ್ತಾ?" ಎಂದ ಅವನು, ಕೆಮ್ಮುತ್ತ. ಇತ್ತಾ ಎಂದರೆ ಅಕ್ಕ. "ಗಂಡು ಹೆಣ್ಣಿನ ಮನೆಗೆ ಹೋಗುವುದು ಅಂತ ಹುಟ್ಟಿದ ಮಗುವಿಗೂ ಗೊತ್ತುಂಟು. ನೀವು ಕೇಳಲಿಲ್ಲ, ಇವರೂ ಕೇಳಲಿಲ್ಲ. ನಾನು ಎಂತ ಹೇಳುವುದು?"

ಅವನ ಮಾತೂ ನಿಜವೇ. ಎರಡೂ ಕಡೆಯವರು ಒಂದೇ ಪದ್ಧತಿಯನ್ನು ನಂಬಿಕೊಂಡು, ಒಬ್ಬರು ಬೊಂಬಾಯಿ ಎಂದು, ಇನ್ನೊಬ್ಬರು ಸಿದ್ಧಕಟ್ಟೆ ಎಂದು ಹಾಯಾಗಿ ಕೂತಿದ್ದೆವು. ಹಕೀಂ ಆಗಲೇ ಹಿಡಿದ ಕೆಲಸಗಳನ್ನೆಲ್ಲ ಜೊತೆಗಾರನಿಗೆ ವಹಿಸಿದ್ದನಂತೆ. ಬೊಂಬಾಯಿಯ ಎತ್ತರದ ಕಟ್ಟಡಗಳಲ್ಲಿ ಕೆಲಸ ಮಾಡಬೇಕು ಎಂದು ಅವನ ಆಸೆ. ಗೆಳೆಯರು ಅವನಿಗೆ ಬಿರಿಯಾನಿ ಊಟ ಹಾಕಿಸಿ ಬೀಳ್ಕೊಟ್ಟೂ ಆಗಿತ್ತು.

"ಹೆಣ್ಣಿನ ಮನೆ ಸಿದ್ಧಕಟ್ಟೆಯಲ್ಲಿ ಉಂಟು. ನನ್ನ ಉಮ್ಮ ನನಗೆ ಕೊಟ್ಟ ಮನೆ. ನಾನು ಮಗಳಿಗೆ ಕೊಡ್ತೇನೆ" ಎಂದೆ.

"ಅದು ಬೀಡಿ ಬ್ರಾಂಚು ಅಲ್ವಾ?" ಎಂದಳು ರುಕಿಯಾ.

ನನಗೆ ಅಂಗಾಲಿನಿಂದ ನೆತ್ತಿಗೆ ಸಿಟ್ಟು ಏರಿತು. ಆದರೆ ಏನು ಹೇಳುವುದು? ಚಾವಡಿ ತುಂಬ ತಂಬಾಕಿನ ಗೋಣಿ ಇರುವುದು ಸುಳ್ಳಲ್ಲವಲ್ಲ. ಅವಳು ಬಿಡಲಿಲ್ಲ. "ಹೆಣ್ಣು ಎಲ್ಲಿ ಹುಟ್ಟಿ, ಎಲ್ಲಿ ಬೆಳೆದಳೋ ಅದು ಹೆಣ್ಣಿನ ಮನೆ. ನಾನು ಹೇಳಿದ್ದಲ್ಲ, ಹಿರಿಯರು ಹೇಳಿದ್ದು." ಶುಕ್ರವಾರ ಸಿದ್ಧಕಟ್ಟೆಗೆ ಬನ್ನಿ, ಉತ್ತರ ಹೇಳುತ್ತೇನೆ ಎಂದು ಹೇಳಿ ಎದ್ದು ಬಂದೆ. ಬಸ್ಸಿನಲ್ಲಿ ತಮ್ಮ ನನ್ನ ಪಕ್ಕ ಕೂರುವ ಧೈರ್ಯ ಮಾಡದೆ ಡ್ರೈವರನ ಹತ್ತಿರ ನಿಂತೇ ಬಂದ.

ಮನೆಯಲ್ಲಿ ಇವರು ಜಗಲಿಯಲ್ಲಿ ಕಾಲು ಚಾಚಿ ಕೂತಿದ್ದರು. ವಿಷಯ ಹೇಳಿದೆ. ಇವರ ಮುಖದಲ್ಲಿ ಒಂದು ಸಣ್ಣ ಬೆಳಕು ಬಂದು ಹೋದದ್ದು ನನಗೆ ಕಾಣದೆ ಇರಲಿಲ್ಲ.

"ಹಾಗಾದ್ರೆ ಬೊಂಬಾಯಿಯೇ ಆಗಲಿ. ಮಕ್ಕಳು ನಮ್ಮ ಒಟ್ಟಿಗೇ ಇರ್ತಾರೆ" ಎಂದರು.

"ಆಗಲಿ ಅಂತ ಹೇಳ್ಲಿಕ್ಕೆ ನೀವು ಯಾರು? ಜತ್ತಪ್ಪನ ಗೋಣಿ ಇವತ್ತೇ ಎತ್ತಿಸ್ತೇನೆ. ಇದು ಬ್ರಾಂಚೋ ಮನೆಯೋ ಅಂತ ಶುಕ್ರವಾರ ಅವಳೇ ಬಂದು ನೋಡಲಿ!" ಎಂದು ಚಾವಡಿಯ ಕಡೆ ನಡೆದೆ.

ಬಾಗಿಲಿನ ಈಚೆಗೇ ನಿಂತುಬಿಟ್ಟೆ. ಒಳಗೆ ಬೀಡಿ ಕೊಡಲು ಬಂದ ಹುಡುಗಿಯರು ಮೊರ, ಬುಟ್ಟಿ ಇಟ್ಟುಕೊಂಡು ಸಾಲಾಗಿ ಕೂತಿದ್ದರು. ಜುಲೈಕಾ ಅವರ ನಡುವೆ ಇದ್ದಳು. ಒಬ್ಬಳು ಹೇಳುತ್ತಿದ್ದಳು, "ಬೊಂಬಾಯಿಯಲ್ಲಿ ಒಂದೊಂದು ಕೋಣೆಯಲ್ಲಿ ಹತ್ತು ಹತ್ತು ಜನ ಅಂತೆ. ಮನುಷ್ಯರು ಇರುವ ಊರಾ ಅದು? ನೀನು ಬಚಾವಾದೆ ಮಾರಾಯ್ತಿ."

"ನೀನು ನೋಡಿದ್ದೀಯಾ?" ಎಂದಳು ನನ್ನ ಮಗಳು. ದನಿ ಕೇಳಿ ನಾನೇ ಬೆಚ್ಚಿದೆ.

"ಇಲ್ಲ, ಹೇಳ್ತಾರೆ..."

"ನೋಡದೆ ಬಾಯಿ ಹಾಕ್ಬೇಡ! ಹತ್ತು ಜನ ಇದ್ರೆ ಎಂತ? ನನಗೆ ಜ್ವರ ಬಂದಾಗ ಇಡೀ ಮಹಡಿಯವರು ಗಂಜಿ ತಂದು ಕೊಟ್ಟಿದ್ದಾರೆ. ನಮ್ಮಲ್ಲಿ ಗಡಿಯಾರ ಬೇಡ, ರೈಲಿನ ಶಬ್ದದಲ್ಲೇ ಗಂಟೆ ಗೊತ್ತಾಗ್ತದೆ. ಮಳೆ ಬಂದ್ರೆ ಸಮುದ್ರದ ನೀರು ರಸ್ತೆಗೆ ಹಾರ್ತದೆ, ನಾವು ಅದರ ಎದುರು ನಿಂತು ಜೋಳ ತಿಂತೇವೆ. ಗೊತ್ತುಂಟಾ ನಿನಗೆ? ಅದು ನನ್ನ ಊರು. ನಾನು ಮಹಾರಾಷ್ಟ್ರದವಳು, ಬೊಂಬಾಯಿಯವಳು!"

ಎದ್ದು ನಿಂತಿದ್ದಳು. ಸೊಂಟಕ್ಕೆ ಕೈ ಕೊಟ್ಟಿದ್ದಳು. ನೂಲಿನಂತೆ ಸೀರೆ, ತಾಯಿಯಂತೆ ಮಗಳು ಎಂದು ಜನ ಸುಮ್ಮನೆ ಹೇಳುವುದಿಲ್ಲ. ಜತ್ತಪ್ಪ ಎಲೆಯ ಕಟ್ಟು ಕೆಳಗಿಟ್ಟು ನಗುತ್ತ, "ಆಯ್ತು ಮಾರಾಯ್ತಿ, ಬೊಂಬಾಯಿಯನ್ನು ಯಾರೂ ಮುಟ್ಟುವುದಿಲ್ಲ, ಕೂತ್ಕೋ" ಎಂದ. ಅವಳು ಕೂರಲಿಲ್ಲ. ಬಾವಿಕಟ್ಟೆಯ ಕಡೆ ಹೊರಟುಹೋದಳು. ಗೋಣಿಯ ವಿಷಯ ನನಗೆ ಮರೆತೇ ಹೋಯಿತು.

ಬಾವಿಯ ಹತ್ತಿರ ಅವಳು ಅಳುತ್ತಿದ್ದಳು. ನನ್ನನ್ನು ಕಂಡು ಮುಖ ತೊಳೆಯುವ ನಾಟಕ ಮಾಡಿದಳು.

"ಇಲ್ಲಿ ಇರ್ಲಿಕ್ಕೆ ನಿನಗೆ ಇಷ್ಟ ಇಲ್ವಾ? ಮೊದಲೇ ಬಾಯಿ ಬಿಟ್ಟು ಹೇಳ್ಲಿಕ್ಕೆ ಎಂತ ಆಗಿತ್ತು?" ಎಂದೆ.

"ನೀವು ಕೇಳಿದ್ರಾ ಉಮ್ಮ? ಫೋಟೋ ತೋರಿಸಿದ್ರಿ, ಹುಡುಗ ಒಳ್ಳೆಯವ ಅಂತ ಹೂಂ ಅಂದೆ. ಅವ ನಮ್ಮ ಚಾಳಿನ ಖೋಲಿಗೆ ಬರ್ತಾನೆ ಅಂತ ನಾನು ಗ್ರಹಿಸಿದ್ದು. ಇಲ್ಲೇ ಇರುವುದು ಅಂತ ಆ ಹುಡುಗಿಯರು ಹೇಳಿ ಗೊತ್ತಾದದ್ದು."

"ಈ ಊರಿಗೆ ಎಂತ ಕಡಿಮೆ ಆಗಿದೆ?"

"ಎಂತದೂ ಕಡಿಮೆ ಇಲ್ಲ. ಊರು ಚೆಂದ ಉಂಟು. ಆದ್ರೆ ಬೆಳಿಗ್ಗೆ ಎದ್ದ ಕೂಡ್ಲೇ ರೈಲಿನ ಶಬ್ದ ಇಲ್ಲದೆ ನನಗೆ ಎದೆ ಬಡ್ಕೊಳ್ತದೆ." ಕೈಯಲ್ಲಿದ್ದ ತಂಬಿಗೆಯನ್ನು ಕಟ್ಟೆಯ ಮೇಲಿಟ್ಟಳು. "ನಾನು ಇಲ್ಲಿ ಇದ್ರೆ ನಿಮ್ಮ ಹಾಗೇ ಆಗ್ತೇನೆ ಉಮ್ಮ."

"ನನ್ನ ಹಾಗೆ ಅಂದ್ರೆ?"

"ಒಂದು ಊರಿನಲ್ಲಿ ಕೂತು ಜೀವಮಾನ ಇಡೀ ಇನ್ನೊಂದು ಊರಿನ ಮಾತು ಆಡ್ಲಿಕ್ಕೆ."

ಕೆನ್ನೆಗೆ ಬಾರಿಸಬೇಕು ಎನ್ನುವಷ್ಟು ಸಿಟ್ಟು ಬಂತು. ಅದರ ಹಿಂದೆಯೇ ಅಳು ಬಂತು. ಇವಳು ಹುಟ್ಟುವ ಮೊದಲು, ಆ ಖೋಲಿಯ ಕಿಟಕಿಯಲ್ಲಿ ನಿಂತು ಎಷ್ಟು ಸಂಜೆ ಅತ್ತಿದ್ದೇನೆ ಎಂದು ನನಗೊಬ್ಬಳಿಗೇ ಗೊತ್ತು. ಯಾರ ಮೇಲೂ ಸಿಟ್ಟಿಲ್ಲ, ಊಟಕ್ಕೆ ಕೊರತೆಯಿಲ್ಲ, ಗಂಡ ದೇವರಂಥವರು, ಆದರೂ ಅಳು ನಿಲ್ಲುತ್ತಿರಲಿಲ್ಲ. ನನ್ನ ವೈರಿಗೂ ಆ ಸಂಕಟ ಬೇಡ ಎಂದು ಆಗ ಅಂದುಕೊಂಡಿದ್ದೆ. ಈಗ ಅದನ್ನೇ ನನ್ನ ಹೊಟ್ಟೆಯಲ್ಲಿ ಹುಟ್ಟಿದವಳ ಸೆರಗಿಗೆ ಕಟ್ಟಲು ಹೊರಟಿದ್ದೇನಲ್ಲ ಎಂದು ನನಗೇ ನಾಚಿಕೆಯಾಯಿತು. ಅವಳ ಮುಖವನ್ನು ನನ್ನ ಸೆರಗಿನಲ್ಲೇ ಒರೆಸಿ, "ನಡಿ, ಊಟ ಮಾಡುವ" ಎಂದೆ.

ಆದರೂ ನನ್ನ ಗತಿ ಏನು? ಊರು ಬೇಡ ಎನ್ನಲು ನನ್ನಿಂದ ಸಾಧ್ಯವಿರಲಿಲ್ಲ. ಮಗಳ ಸುಖಕ್ಕಾಗಿ ಎಲ್ಲ ಬಿಟ್ಟೆ ಎಂದು ಬೊಂಬಾಯಿಗೆ ಹೋಗಿ ಕೂತು, ದಿನಾ ಮುಖ ಊದಿಸಿಕೊಂಡು ಅವಳ ಸಂಸಾರಕ್ಕೆ ಕಲ್ಲು ಹಾಕುವ ತಾಯಿಯೂ ನಾನಲ್ಲ. ಶುಕ್ರವಾರದವರೆಗೂ ಅದನ್ನೇ ಯೋಚಿಸಿದೆ. ಅಕ್ಕಿ ತೊಳೆಯುವಾಗ, ಮೀನು ಕೊಯ್ಯುವಾಗ, ಜತ್ತಪ್ಪ ಬೀಡಿ ಎಣಿಸುವುದನ್ನು ನೋಡುವಾಗ ಎಲ್ಲ ಅದೇ ಯೋಚನೆ.

ಶುಕ್ರವಾರ ನಮಾಜು ಮುಗಿದ ಮೇಲೆ ರುಕಿಯಾ, ಹಕೀಂ, ನನ್ನ ತಮ್ಮ ಬಂದರು. ಗೋಣಿಗಳು ಇದ್ದಲ್ಲೇ ಇದ್ದವು. ರುಕಿಯಾ ಅವುಗಳನ್ನು ನೋಡಿದಳು, ನಾನು ಅವಳು ನೋಡುವುದನ್ನು ನೋಡಿದೆ. ಎಲ್ಲರಿಗೂ ಚಾ ಕೊಟ್ಟು ನೇರವಾಗಿ ಹೇಳಿದೆ.

"ರುಕಿಯಾ ಹೇಳಿದ್ದು ಸರಿ. ಹೆಣ್ಣು ಹುಟ್ಟಿ ಬೆಳೆದದ್ದು ಬೊಂಬಾಯಿಯಲ್ಲಿ. ಅದೇ ಹೆಣ್ಣಿನ ಮನೆ. ಆ ಖೋಲಿ ಜುಲೈಕಾಳಿಗೆ. ಪುದಿಯಾಪ್ಲೆ ಅಲ್ಲಿಗೇ ಹೋಗಲಿ. ಕಂಬಳಿ ಬೇಡ, ಅಲ್ಲಿ ಚಳಿ ಇಲ್ಲ."

ಹಕೀಂನ ಮುಖ ಅರಳಿತು. ಬಾಗಿಲ ಹಿಂದೆ ಜುಲೈಕಾಳ ಬಳೆ ಸದ್ದಾಯಿತು. ಇವರಂತೂ ಮಗುವಿನ ಹಾಗೆ ಖುಷಿಯಾದರು. "ಒಳ್ಳೆದಾಯ್ತು! ನಾಲ್ಕೂ ಜನ ಒಟ್ಟಿಗೆ ಇರುವ. ಅಡುಗೆ ಮಾಡುವ ಬದಿಗೆ ಒಂದು ಪರದೆ ಕಟ್ಟುವ, ನಾವಿಬ್ಬರು ಅಲ್ಲಿ..."

"ನಾಲ್ಕು ಜನ ಯಾರೆಲ್ಲ?" ಎಂದು ಕೇಳಿದೆ.

"ಮಕ್ಕಳು, ನಾನು, ನೀನು."

"ನಾನು ಬರುವುದಿಲ್ಲ. ಮದುವೆ ಮುಗಿದ ಮೇಲೆ ನಾನು ಇಲ್ಲೇ. ಇದು ನನ್ನ ಮನೆ."

ಇವರು ಚಾದ ಗ್ಲಾಸು ಕೆಳಗಿಟ್ಟರು. "ಮತ್ತೆ ನಾನು?"

"ನೀವು ಯಾರು ಈ ಮನೆಗೆ?"

"ಯಾರು ಅಂದ್ರೆ... ಪುದಿಯಾಪ್ಲೆ."

"ಪುದಿಯಾಪ್ಲೆಯ ಮನೆ ಎಲ್ಲಿ?"

ಮೊದಲು ನಕ್ಕವಳು ರುಕಿಯಾ. "ಹೆಂಡತಿ ಎಲ್ಲಿಯೋ ಅಲ್ಲಿ! ಅಲ್ಲಾಹನಾಣೆ, ಹಸನಬ್ಬಾಕ, ನಿಮಗೆ ಬೇರೆ ದಾರಿ ಇಲ್ಲ" ಎಂದು ಹೊಟ್ಟೆ ಹಿಡಿದುಕೊಂಡು ನಕ್ಕಳು. ಆ ಗಳಿಗೆಯಿಂದ ಅವಳೂ ನಾನೂ ಗೆಳತಿಯರು.

ಇವರು ಮಾತ್ರ ನಗಲಿಲ್ಲ. ಎಲ್ಲರೂ ಹೋದ ಮೇಲೆ ನನ್ನ ಹತ್ತಿರ ಬಂದು, "ನನ್ನವರೆಲ್ಲ ಅಲ್ಲಿದ್ದಾರೆ ನಫೀಸಾ. ಈ ಊರಿನಲ್ಲಿ ನನಗೆ ಯಾರ ಗುರ್ತ ಉಂಟು?" ಎಂದರು. ಆ ದನಿ ಕೇಳಿ ನನಗೆ ಪಾಪ ಎನಿಸಿತು. ಆದರೂ ನಾನು ಸಡಿಲ ಬಿಡಲಿಲ್ಲ. "ಮದುವೆಯಾದ ಮೇಲೆ ನಾನು ಪದ್ಧತಿ ಬಿಟ್ಟು ನಿಮ್ಮ ಹಿಂದೆ ಬಂದೆ. ನನಗೆ ಅಲ್ಲಿ ಯಾರ ಗುರ್ತ ಇತ್ತು? ಕೆಲಸ ಮುಗಿಸಿ ಬನ್ನಿ. ಕಾಯ್ತೇನೆ. ಬರದಿದ್ರೆ ಕೂಡ ನಾನು ಇಲ್ಲೇ ಇರ್ತೇನೆ" ಎಂದೆ.

ಮದುವೆ ಚೆನ್ನಾಗಿ ಆಯಿತು. ಮಗಳು, ಅಳಿಯ, ಗಂಡ ಮೂವರನ್ನೂ ಬಸ್ಸು ಹತ್ತಿಸಿದೆ. ಆ ವರ್ಷ ಇವರು ಬರುತ್ತಾರೋ ಇಲ್ಲವೋ ಎಂದು ಸಿದ್ಧಕಟ್ಟೆಯಲ್ಲಿ ಮಾತಾಡದವರಿಲ್ಲ. "ಬೊಂಬಾಯಿ ನೀರು ಕುಡಿದ ಗಂಡಸು ಇಲ್ಲಿಗೆ ಬಂದು ಕೂರ್ತಾನಾ? ಬರುವುದಿಲ್ಲ ಬಿಡಿ" ಎಂದು ಜತ್ತಪ್ಪನೇ ಹೇಳಿದ. "ಬರ್ತಾರೆ" ಎಂದೆ. ಗಟ್ಟಿಯಾಗಿಯೇ ಹೇಳಿದೆ. ಒಳಗೆ ಮಾತ್ರ, ಬರದಿದ್ದರೆ ಎಂಬ ಮುಳ್ಳು ಇದ್ದೇ ಇತ್ತು. ಊರು ಸಿಕ್ಕಿತ್ತು. ಗಂಜಿ, ಮಳೆ, ಮಾತು ಎಲ್ಲ ಸಿಕ್ಕಿತ್ತು. ಆದರೆ ಇದೂ ಒಂದು ಮೀನಾ ಎಂದು ಬೈಯಲು ಎದುರಿಗೆ ಇವರಿರಲಿಲ್ಲ.

ಇವರು ಬಂದರು. ನಾನು ಬಸ್ಸಿನ ಹತ್ತಿರ ಹೋಗಲಿಲ್ಲ. ಪುದಿಯಾಪ್ಲೆಯನ್ನು ಕರೆದು ತರುವುದು ಹೆಣ್ಣಿನ ತಮ್ಮನ ಕೆಲಸ ಎಂದು ಅಬ್ದುಲ್ ಸಮದನನ್ನು ಬೆಳ್ತಂಗಡಿಯಿಂದ ಕರೆಸಿ ಕಳಿಸಿದೆ. ಇವರು ಒಗೆದ ಬಿಳಿ ಅಂಗಿ ಹಾಕಿಕೊಂಡು, ತಮ್ಮನ ಕೊಡೆಯ ಅಡಿಯಲ್ಲಿ ಅಂಗಳದವರೆಗೆ ಬಂದು, ಸಂಕೋಚದಿಂದ ನಿಂತರು. ತಂಬಿಗೆಯಲ್ಲಿ ಕಾಲಿಗೆ ನೀರು ಕೊಟ್ಟೆ. ಕಣ್ಣು ತುಂಬಿ ಬಂದದ್ದನ್ನು ಅಡಗಿಸಲಿಲ್ಲ, ನೋಡಿದರೆ ನೋಡಲಿ. ಒಳಗೆ ಮೆತ್ತನೆಯ ಹಾಸಿಗೆ ಹಾಸಿದ್ದೆ. ರೊಟ್ಟಿಗೆ ತುಪ್ಪ ಸವರಿ ಇಟ್ಟಿದ್ದೆ.

ಇವರು ಒಂದು ತುಂಡು ಮುರಿದು ಬಾಯಿಗಿಟ್ಟರು. ಚಾ ಒಂದು ಗುಟುಕು ಕುಡಿದರು. ಮುಖ ಸಣ್ಣದು ಮಾಡಿ ಗ್ಲಾಸಿನೊಳಗೆ ನೋಡಿದರು.

"ಅಲ್ಲಿ ಇರಾನಿಯ ಚಾ ಇತ್ತಲ್ಲ..." ಎಂದು ಶುರು ಮಾಡಿ, ನಾನೆಲ್ಲಿ ಸಿಡುಕುತ್ತೇನೋ ಎಂದು ಅರ್ಧಕ್ಕೆ ನಿಲ್ಲಿಸಿದರು.

ಇವರು ನನ್ನ ಊರಿನ ಕಥೆಯನ್ನು ಅಷ್ಟು ವರ್ಷ ಒಂದು ದಿನವೂ ಸಾಕು ಎನ್ನದೆ ಕೇಳಿದವರು. ನಾನು ಮಣೆ ಎಳೆದುಕೊಂಡು ಎದುರಿಗೆ ಕೂತೆ.

"ಹೇಳಿ" ಎಂದೆ.